ಹಲಗೆ ಮೊದಲೋ, ಪಕ್ಕೆ ಮೊದಲೋ: ಹಾಯಿಹಡಗುಗಳ ಮಾದರಿ ಕಟ್ಟುವ ವಿದ್ಯೆ



ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮಿನಲ್ಲಿ ಒಂದೇ ಒಂದು ಹಡಗಿಗಾಗಿ ಕಟ್ಟಿಸಿದ ವಸ್ತುಸಂಗ್ರಹಾಲಯವಿದೆ. ಹಡಗಿನ ಹೆಸರು ವಾಸಾ. 1628ರ ಆಗಸ್ಟ್ 10ರಂದು ಮೊದಲ ಪಯಣಕ್ಕೆ ಹಾಯಿ ಬಿಚ್ಚಿದ ಈ ಯುದ್ಧನೌಕೆ ಸುಮಾರು 1,300 ಮೀಟರ್ ಸಾಗುವಷ್ಟರಲ್ಲಿ ಗಾಳಿಗೆ ವಾಲಿ, ಕೆಳಗಿನ ಸಾಲಿನ ಫಿರಂಗಿ ಕಿಂಡಿಗಳಿಂದ ನೀರು ನುಗ್ಗಿ, ಊರ ಜನ ದಡದಲ್ಲಿ ನಿಂತು ನೋಡುತ್ತಿದ್ದಂತೆಯೇ ಮುಳುಗಿತು. 1961ರ ಏಪ್ರಿಲ್ 24ರಂದು ಅದನ್ನು ಮೇಲೆತ್ತಿದಾಗ ಬಹುಪಾಲು ಮರ ಮೂಲದ್ದೇ ಆಗಿತ್ತು. ಇಂದು ಆ ಕಟ್ಟಡದೊಳಗೆ ಹೋದವರಿಗೆ ಮೂರ್ತಿಗಳನ್ನು ಹೊತ್ತ ಹಿಂಬದಿಯೊಡನೆ ಇಡೀ ಹಡಗು ಕಾಣುತ್ತದೆ. ಅದರ ಸಮೀಪದಲ್ಲೇ ಅದೇ ಹಡಗಿನ ಹತ್ತರಲ್ಲೊಂದು ಅಳತೆಯ ಮಾದರಿಯೂ ಇದೆ. ಮುಂದಿನ ಚಾಚುಮರ ಸೇರಿದರೆ ಹಡಗು 69 ಮೀಟರ್, ಮಾದರಿ ಹತ್ತಿರಹತ್ತಿರ ಏಳು ಮೀಟರ್.

ಹಡಗೇ ಕಣ್ಣೆದುರು ಇರುವಾಗ ಅದರ ಮಾದರಿ ಯಾಕೆ ಬೇಕಾಯಿತು? ಇವತ್ತಿನ ನನ್ನ ಮಾತೆಲ್ಲ ಈ ಪ್ರಶ್ನೆಯ ಸುತ್ತ ಇದೆ.

ಮೊದಲ ಉತ್ತರ ಬಣ್ಣದ್ದು. ಮೂರು ಶತಮಾನ ನೀರಿನಲ್ಲಿದ್ದ ಓಕ್ ಮರ ಈಗ ಕಪ್ಪುಕಂದು. ಮೂರ್ತಿಗಳ ಹಿಂದಿನ ಹಲಗೆಗಳಿಗೆ ನೀಲಿ ಬಣ್ಣ, ಮೂರ್ತಿಗಳಿಗೆ ಚಿನ್ನದ ಲೇಪ ಇತ್ತೆಂದು ಬಹುಕಾಲ ತಿಳಿದಿದ್ದರು. ಕೆತ್ತನೆಯ ಸಂದಿಗಳಲ್ಲಿ ಉಳಿದಿದ್ದ ಬಣ್ಣದ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದ ಮೇಲೆ ಹಿನ್ನೆಲೆ ಕೆಂಪು, ಮೂರ್ತಿಗಳು ನಾನಾ ಬಣ್ಣದವು ಎಂದು ಗೊತ್ತಾಯಿತು. ಮೂಲ ಹಡಗಿಗೆ ಹೊಸದಾಗಿ ಬಣ್ಣ ಬಳಿಯುವಂತಿಲ್ಲ, ಬಳಿಯಲೂಬಾರದು. ಆ ತಿಳಿವಳಿಕೆಗೆ ಮೈ ಕೊಟ್ಟದ್ದು ಮಾದರಿ. ಹಗ್ಗಗಳ ಮಾತೂ ಹೀಗೆಯೇ. ಮುಳುಗಿದ ಹಡಗಿನಲ್ಲಿ ಕೂವೆಮರದ ಮೇಲುಭಾಗ ಹೋಗಿತ್ತು, ಹಾಯಿ ಮಡಚಿದ ಸ್ಥಿತಿಯಲ್ಲಿ ಸಿಕ್ಕಿತ್ತು, ಹಗ್ಗ ತುಂಡುತುಂಡಾಗಿತ್ತು. ಯಾವ ಹಗ್ಗ ಎಲ್ಲಿ ಹುಟ್ಟಿ ಯಾವ ರಾಟೆ ಹಾದು ಯಾವ ಗೂಟಕ್ಕೆ ಬಂದು ಸುತ್ತಿಕೊಳ್ಳುತ್ತಿತ್ತು ಎಂಬುದಕ್ಕೆ ಯಾರಾದರೂ ಕೈಯಾರೆ ಕಟ್ಟಿ ತೋರಿಸಿದರಷ್ಟೇ ಉತ್ತರ.

ಚರಿತ್ರೆ ಬರೆಯುವವರಿಗೆ ಒಂದು ಸೌಕರ್ಯವಿದೆ. ‘ಹಡಗು ಹಾಯಿ ಬಿಚ್ಚಿ ಹೊರಟಿತು’ ಎಂದು ಬರೆದು ಮುಂದಿನ ವಾಕ್ಯಕ್ಕೆ ಹೋಗಬಹುದು. ಮಾದರಿ ಕಟ್ಟುವವರಿಗೆ ಅದಿಲ್ಲ. ಹಾಯಿಯ ಕೆಳಮೂಲೆಯ ಹಗ್ಗ ಹಲಗೆಯ ಯಾವ ತೂತಿನೊಳಗೆ ಹೋಗುತ್ತದೆ ಎಂದು ತೀರ್ಮಾನ ಮಾಡದೆ ಅವರ ಕೈ ಮುಂದೆ ಸಾಗದು. ಗೊತ್ತಿದ್ದರೆ ಗೊತ್ತಿದ್ದಂತೆ, ಗೊತ್ತಿಲ್ಲದಿದ್ದರೆ ಊಹಿಸಿ, ಅಂತೂ ಹಗ್ಗ ಎಲ್ಲೋ ಒಂದು ಕಡೆ ಕೊನೆಗೊಳ್ಳಲೇಬೇಕು. ಅದಕ್ಕೇ ಒಳ್ಳೆಯ ಮಾದರಿಯನ್ನು ನಾನು ಅಲಂಕಾರದ ವಸ್ತುವಾಗಿ ಎಣಿಸುವುದಿಲ್ಲ. ಅದು ಸಾವಿರಾರು ಸಣ್ಣ ಪ್ರಶ್ನೆಗಳಿಗೆ ಒಬ್ಬರು ಸಹಿ ಹಾಕಿ ಕೊಟ್ಟ ಉತ್ತರ.

ಇಂಥ ಮಾದರಿಗಳ ವಂಶ ದೊಡ್ಡದು. ಈಜಿಪ್ಟಿನ ತೂತನ್‌ಖಾಮನ್ ಸಮಾಧಿಯಲ್ಲಿ 35 ಪುಟ್ಟ ದೋಣಿಗಳಿದ್ದವು. ಸ್ಪೇನಿನ ಕತಲೋನಿಯಾದ ಮತಾರೋ ಎಂಬಲ್ಲಿ ಹರಕೆಯಾಗಿ ದೇಗುಲಕ್ಕೆ ಒಪ್ಪಿಸಿದ್ದ 15ನೇ ಶತಮಾನದ ಹಡಗಿನ ಮಾದರಿ ಈಗ ರಾಟರ್‌ಡ್ಯಾಮಿನ ಕಡಲ ಸಂಗ್ರಹಾಲಯದಲ್ಲಿದೆ. ಡೆನ್ಮಾರ್ಕಿನ ಚರ್ಚುಗಳಲ್ಲಿ ಇಂದಿಗೂ ಮೇಲ್ಚಾವಣಿಯಿಂದ ಹಡಗುಗಳು ತೂಗುತ್ತವೆ. ಕಡಲಿಗೆ ಹೋದವರು ಮರಳಿ ಬರಲೆಂಬ ಪ್ರಾರ್ಥನೆ ಈ ಹರಕೆಯ ಹಡಗುಗಳಲ್ಲಿದೆ, ಅಳತೆಯ ಹಟ ಇಲ್ಲ. ಅಳತೆಯ ಹಟ ಗಟ್ಟಿಯಾಗಿ ಕಾಣುವುದು 17ನೇ ಶತಮಾನದ ಇಂಗ್ಲೆಂಡಿನಲ್ಲಿ.

ಅಲ್ಲಿನ ನೌಕಾಮಂಡಳಿಯ ಹೆಸರಿನಲ್ಲೇ ‘ನೇವಿ ಬೋರ್ಡ್ ಮಾದರಿ’ಗಳೆಂದು ಕರೆಯುವ ಈ ಹಡಗುಗಳು ಹೆಚ್ಚಾಗಿ 1:48ರಲ್ಲಿವೆ, ಅಂದರೆ ಹಡಗಿನ ಒಂದು ಅಡಿಗೆ ಮಾದರಿಯಲ್ಲಿ ಕಾಲು ಅಂಗುಲ. ಮೇಲುಭಾಗಕ್ಕೆ ಹಲಗೆ, ಚಿನ್ನದ ಕೆತ್ತನೆ ಎಲ್ಲ ಇರುತ್ತದೆ. ನೀರಿನ ಗೆರೆಯ ಕೆಳಗೆ ಮಾತ್ರ ಹಲಗೆ ಹೊದಿಸದೆ ಪಕ್ಕೆಮರಗಳನ್ನು ಬರಿದೇ ಬಿಟ್ಟಿರುತ್ತಾರೆ. ನಕ್ಷೆ ಓದಲು ಬಾರದ ಅಧಿಕಾರಿಗಳಿಗೂ ರಾಜನಿಗೂ ಹಡಗಿನ ಆಕಾರ ತಿಳಿಯಲೆಂದು ಇವನ್ನು ಮಾಡಿಸಿದರೆಂಬ ವಿವರಣೆ ಇದೆ. ಮಂಡಳಿಯ ಕಾರ್ಯದರ್ಶಿಯಾಗಿದ್ದ, ದಿನಚರಿಯಿಂದ ಹೆಸರಾದ ಸ್ಯಾಮ್ಯುಯೆಲ್ ಪೀಪ್ಸ್ ಇವನ್ನು ಆಸೆಪಟ್ಟು ಕೂಡಿಟ್ಟವನು. ಮುಂದೆ ಅದೇ ಹುದ್ದೆಗೆ ಬಂದ ಚಾರ್ಲ್ಸ್ ಸರ್ಜಿಸನ್ ಇಟ್ಟುಕೊಂಡಿದ್ದ ಮಾದರಿಗಳು ಕೈಬದಲಾಗಿ ಅಮೆರಿಕದ ಅನ್ನಾಪೊಲಿಸ್‌ನ ನೌಕಾ ಅಕಾಡೆಮಿ ಸೇರಿವೆ. ಲಂಡನ್ನಿನ ಗ್ರೀನಿಚ್‌ನಲ್ಲೂ ದೊಡ್ಡ ಸಂಗ್ರಹವಿದೆ.

ಈ ಮಾದರಿಗಳನ್ನು ನಾನು ತುಂಬ ಮೆಚ್ಚುತ್ತೇನೆ. ಆದರೂ ಒಂದು ಮಾತು ಹೇಳಲೇಬೇಕು. ಬರಿದೇ ಬಿಟ್ಟ ಆ ಪಕ್ಕೆಮರಗಳ ಜೋಡಣೆ ನಿಜವಾದ ಹಡಗಿನದಲ್ಲ. ಮರದ ತುಂಡುಗಳು ಒಂದರ ಪಕ್ಕ ಒಂದು ಬಂದು, ನಡುವೆ ಸಮನಾದ ಬಿಡುವು ಬಿಟ್ಟು, ಕಣ್ಣಿಗೆ ಹಿತವಾದ ಪಟ್ಟೆಪಟ್ಟೆಯಾಗಿ ಕಾಣುವ ಆ ಕ್ರಮ ಮಾದರಿಕಾರರು ತಮ್ಮೊಳಗೆ ರೂಢಿಸಿಕೊಂಡದ್ದು. ಹೊರ ಆಕಾರ ಸತ್ಯ, ಒಳ ಜೋಡಣೆ ಸಂಪ್ರದಾಯ. ಹಡಗು ತೇಲಿದ ಕಾಲದಲ್ಲೇ, ಅದನ್ನು ಕಟ್ಟಿದ ಊರಿನಲ್ಲೇ ಮಾಡಿದ ಮಾದರಿ ಕೂಡ ಎಲ್ಲದಕ್ಕೂ ಸಾಕ್ಷಿಯಲ್ಲ. ಯಾವ ಪ್ರಶ್ನೆಗೆ ಅದು ಉತ್ತರ ಕೊಡುತ್ತಿದೆ ಎಂದು ತಿಳಿದು ನೋಡಬೇಕು.

ಇದಕ್ಕೆ ಪೂರ್ತಿ ಎದುರಾದವು ಕೈದಿಗಳು ಕಟ್ಟಿದ ಮಾದರಿ ಹಡಗುಗಳು. ಫ್ರಾನ್ಸ್ ಜೊತೆಗಿನ ಯುದ್ಧಗಳಲ್ಲಿ ಸೆರೆಸಿಕ್ಕ ನಾವಿಕರನ್ನು ಇಂಗ್ಲೆಂಡಿನವರು ಪೀಟರ್‌ಬರೋ ಹತ್ತಿರದ ನಾರ್ಮನ್ ಕ್ರಾಸ್ ಎಂಬ ಶಿಬಿರದಲ್ಲಿಟ್ಟಿದ್ದರು. 1797ರಿಂದ 1814ರವರೆಗೆ ನಡೆದ ಶಿಬಿರ ಅದು. ಊಟದ ಮಾಂಸದಲ್ಲಿ ಉಳಿದ ಮೂಳೆಯನ್ನು ಕುದಿಸಿ, ಸೀಳಿ, ತೇಯ್ದು, ಪಟ್ಟಿಗಳಾಗಿ ಮಾಡಿ ಆ ಕೈದಿಗಳು ಹಡಗು ಕಟ್ಟಿದರು, ಸುತ್ತಲಿನ ಜನಕ್ಕೆ ಮಾರಿ ನಾಲ್ಕು ಕಾಸು ನೋಡಿದರು. ಕೆಲವು ಹಡಗುಗಳಲ್ಲಿ ಒಂದು ದಾರ ಎಳೆದರೆ ಸಾಲುಫಿರಂಗಿಗಳು ಒಟ್ಟಿಗೆ ಒಳಗೆ ಹೋಗಿ ಹೊರಗೆ ಬರುತ್ತವೆ. ಕೈಯಲ್ಲಿ ನಕ್ಷೆಯಿಲ್ಲ, ಎದುರಿಗೆ ಹಡಗಿಲ್ಲ. ಒಡಲಿನ ಅಳತೆ ಹಲವು ಕಡೆ ತಪ್ಪಿದೆ, ಫಿರಂಗಿ ಅತಿ ದೊಡ್ಡದಾಗಿದೆ. ಹಗ್ಗದ ಕೆಲಸಕ್ಕೆ ಬಂದಾಗ ಮಾತ್ರ ಅವರ ಕೈ ತಡವರಿಸುವುದಿಲ್ಲ. ದಿನವೂ ಎಳೆದ ಹಗ್ಗ ಅಲ್ಲವೇ. ಅಧಿಕಾರಿಯ ಮಾದರಿಯಲ್ಲಿ ಆಕಾರ ನಿಜ, ಆಳಿನ ಮಾದರಿಯಲ್ಲಿ ಕೆಲಸ ನಿಜ. ನನಗೆ ಎರಡರ ಮೇಲೂ ಗೌರವ. ಮನಸ್ಸು ಹೆಚ್ಚು ಹೊತ್ತು ನಿಲ್ಲುವುದು ಎರಡನೆಯದರ ಎದುರಿಗೆ.

ಈಗ ಅಳತೆಯ ಕಷ್ಟಕ್ಕೆ ಬರೋಣ. ಇಂಗ್ಲೆಂಡಿನ ವಿಕ್ಟರಿ ಹಡಗನ್ನೇ ತೆಗೆದುಕೊಳ್ಳಿ. 1765ರಲ್ಲಿ ನೀರಿಗಿಳಿದು, 1805ರ ಟ್ರಫಾಲ್ಗರ್ ಕದನದಲ್ಲಿ ನೌಕಾದಂಡನಾಯಕ ನೆಲ್ಸನ್ ಪ್ರಾಣಬಿಟ್ಟ ಹಡಗು. ಮಾದರಿಕಾರರು ಪ್ರಪಂಚದಲ್ಲಿ ಅತಿ ಹೆಚ್ಚು ಕಟ್ಟಿದ ಹಡಗುಗಳಲ್ಲಿ ಇದೂ ಒಂದು. ಫಿರಂಗಿ ಅಂತಸ್ತಿನ ಉದ್ದ 186 ಅಡಿ, 1:48ರಲ್ಲಿ 118 ಸೆಂಟಿಮೀಟರ್. ಮನುಷ್ಯ ಮೂರೂವರೆ ಸೆಂಟಿಮೀಟರ್ ಆಗುತ್ತಾನೆ. 24 ಅಂಗುಲ ಸುತ್ತಳತೆಯ ಲಂಗರಿನ ಹಗ್ಗ ನಾಲ್ಕು ಮಿಲಿಮೀಟರ್ ದಪ್ಪಕ್ಕೆ ಇಳಿಯುತ್ತದೆ. ತಳಕ್ಕೆ ಹೊಡೆದ ನಾಲ್ಕಡಿ ಉದ್ದದ ತಾಮ್ರದ ತಗಡು ಒಂದು ಅಂಗುಲದ ತುಂಡಾಗುತ್ತದೆ, ಅಂಥವನ್ನು ಸಾವಿರಗಟ್ಟಲೆ ಅಂಟಿಸಬೇಕು. ಹಡಗಿನಲ್ಲಿ ಒಟ್ಟು ಸುಮಾರು 42 ಕಿಲೋಮೀಟರ್ ಹಗ್ಗವಿತ್ತು ಎನ್ನುತ್ತಾರೆ. ಮಾದರಿಗೆ ಇಳಿಸಿದರೂ 870 ಮೀಟರ್ ನೂಲು, ಅದೂ ಬೇರೆಬೇರೆ ದಪ್ಪದ್ದು.

ಅಂಗಡಿಯ ನೂಲು ಇದಕ್ಕೆ ಆಗದು. ಹಗ್ಗದಲ್ಲಿ ಮೂರು ಎಳೆ ಸುತ್ತಿಕೊಂಡಿರುವುದು ಕಣ್ಣಿಗೆ ಕಾಣಬೇಕು. ಆದ್ದರಿಂದ ಶ್ರದ್ಧೆಯವರು ಪುಟ್ಟ ಹೊಸೆಯುವ ಯಂತ್ರವೊಂದನ್ನು ಮಾಡಿಕೊಂಡು ತಮ್ಮ ಹಗ್ಗವನ್ನು ತಾವೇ ಹೊಸೆಯುತ್ತಾರೆ. ಕೂವೆಮರವನ್ನು ಅಲುಗದಂತೆ ಬಿಗಿದು ಹಿಡಿಯುವ ಹಗ್ಗಕ್ಕೆ ಹಡಗಿನಲ್ಲಿ ಟಾರು ಬಳಿಯುತ್ತಿದ್ದರು, ಅದು ಗಾಢ ಬಣ್ಣ. ಹಾಯಿಯನ್ನು ಏರಿಸಿ ಇಳಿಸುವ ಹಗ್ಗ ತಿಳಿಕಂದು. ಈ ಒಂದು ಭೇದ ತಪ್ಪಿದರೆ ಬಲ್ಲವರು ದೂರದಿಂದಲೇ ಗುರುತಿಸುತ್ತಾರೆ.

ಮರದ ವಿಷಯದಲ್ಲಿ ಹೊಸಬರು ದಾರಿತಪ್ಪುವುದು ಪ್ರಾಮಾಣಿಕತೆಯಿಂದಲೇ. ಹಡಗು ಓಕ್ ಮರದ್ದು, ಮಾದರಿಯೂ ಓಕ್ ಮರದ್ದೇ ಆಗಲಿ ಎಂದು ಹೊರಡುತ್ತಾರೆ. ಓಕ್ ಮರದ ನಾರು ಒರಟು, ರಂಧ್ರ ದೊಡ್ಡದು. 48 ಪಟ್ಟು ಕುಗ್ಗಿದ ಹಡಗಿನಲ್ಲಿ ನಾರು ಮಾತ್ರ ಕುಗ್ಗದೆ ಹಾಗೇ ಉಳಿದು, ಹಲಗೆ ಬಿರುಕು ಬಿಟ್ಟಂತೆ ಕಾಣುತ್ತದೆ. ನಮ್ಮ ತೇಗವೂ ಅಷ್ಟೆ. ಅದಕ್ಕೇ ಬಾಕ್ಸ್‌ವುಡ್, ಪೇರ್ ಮರದಂಥ ನುಣುಪು ನಾರಿನ ಮರಗಳನ್ನು ಬಳಸುವ ರೂಢಿ. ಓಕ್ ಹಡಗನ್ನು ನಿಜವಾಗಿ ತೋರಿಸಲು ಓಕ್ ಬಿಡಬೇಕು. ಚನ್ನಪಟ್ಟಣದ ಆಟಿಕೆಗೆ ಬಳಸುವ ಆಲೆಮರ ಬಿಳುಪು, ನುಣುಪು, ಕೊರೆಯಲು ಹದ. ಹೊರದೇಶದ ಮರಕ್ಕೆ ದುಬಾರಿ ಬೆಲೆ ತೆರುವ ನಮ್ಮ ಹುಡುಗರು ಮೊದಲು ಅದನ್ನು ಕೈಗೆತ್ತಿಕೊಂಡು ನೋಡಬೇಕು ಎಂಬುದು ನನ್ನ ಸಲಹೆ.

ನೀರಿಗೆ ಬಿಡುವ ಮಾದರಿಯಲ್ಲಿ ಮತ್ತೊಂದು ತೊಡಕಿದೆ. ಉದ್ದ 48 ಪಟ್ಟು ಕುಗ್ಗಿದಾಗ ಹಾಯಿಯ ವಿಸ್ತೀರ್ಣ 2,304 ಪಟ್ಟು ಕುಗ್ಗುತ್ತದೆ. ಹಡಗಿನ ತೂಕ 1,10,592 ಪಟ್ಟು ಕುಗ್ಗುತ್ತದೆ. ಗಾಳಿಯನ್ನು ಮಾತ್ರ ಕುಗ್ಗಿಸಲು ಯಾರಿಂದಲೂ ಆಗದು. ಹಡಗನ್ನು ಉರುಳಿಸುವ ಬಲ ಅಷ್ಟಾಗಿ ಇಳಿಯದೆ, ಎತ್ತಿ ನಿಲ್ಲಿಸುವ ಬಲ ಮಾತ್ರ ಪಾತಾಳಕ್ಕಿಳಿದು, ಅದೇ ಗಾಳಿಗೆ ಮಾದರಿ 48 ಪಟ್ಟು ಸುಲಭವಾಗಿ ಮಗುಚುತ್ತದೆ. ಮೂಲ ಹಡಗು 20 ನಾಟ್ ಗಾಳಿಯಲ್ಲಿ ತೋರುವ ನಡತೆಯನ್ನು ಈ ಮಾದರಿ ಸುಮಾರು 3 ನಾಟ್ ಗಾಳಿಯಲ್ಲಿ ತೋರುತ್ತದೆ. ವಿಲಿಯಂ ಫ್ರೂಡ್ ಎಂಬ ಎಂಜಿನಿಯರು 1870ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಟಾರ್ಕಿಯಲ್ಲಿ ಉದ್ದನೆಯ ನೀರಿನ ತೊಟ್ಟಿ ಕಟ್ಟಿಸಿ, ಮೇಣದ ಮಾದರಿಗಳನ್ನು ಎಳೆದು, ಯಾವ ವೇಗ ಯಾವ ವೇಗಕ್ಕೆ ಸಮ ಎಂಬ ಲೆಕ್ಕವನ್ನು ಸ್ಥಿರಪಡಿಸಿದ. ಇಂದಿಗೂ ಹಡಗು ಕಟ್ಟುವ ಮೊದಲು ಮಾದರಿಯನ್ನು ತೊಟ್ಟಿಯಲ್ಲಿ ಪರೀಕ್ಷಿಸುವುದು ಅದೇ ಲೆಕ್ಕದ ಮೇಲೆ.

ವಾಸಾ ಕಟ್ಟಿದವರ ಬಳಿ ಈ ಲೆಕ್ಕವೂ ಇರಲಿಲ್ಲ, ನಕ್ಷೆಯೂ ಇರಲಿಲ್ಲ. ಕಟ್ಟಿಸಿದ ಮುಖ್ಯ ಬಡಗಿ ಹೆನ್ರಿಕ್ ಹಿಬರ್ಟ್‌ಸನ್ ಡಚ್ಚ. ಅನುಪಾತವೆಲ್ಲ ಅವನ ತಲೆಯಲ್ಲಿತ್ತು. ಕೆಲಸ ಮುಗಿಯುವ ಮೊದಲೇ 1627ರಲ್ಲಿ ಅವನು ತೀರಿಕೊಂಡ. ಹಡಗಿನೊಳಗೆ ಬಡಗಿಗಳ ನಾಲ್ಕು ಅಳತೆಪಟ್ಟಿಗಳು ಸಿಕ್ಕಿವೆ. ಎರಡರಲ್ಲಿ ಸ್ವೀಡನ್ನಿನ ಅಡಿ, ಸುಮಾರು 29.7 ಸೆಂಟಿಮೀಟರ್, 12 ಅಂಗುಲ. ಇನ್ನೆರಡರಲ್ಲಿ ಆಮ್‌ಸ್ಟರ್‌ಡ್ಯಾಮಿನ ಅಡಿ, ಸುಮಾರು 28.3 ಸೆಂಟಿಮೀಟರ್, 11 ಅಂಗುಲ. ಒಂದೇ ಹಡಗಿನ ಮೇಲೆ ಎರಡು ಗುಂಪುಗಳು ಎರಡು ಅಡಿಗಳಲ್ಲಿ ಅಳೆದು ಕೆಲಸ ಮಾಡಿವೆ, ಹಡಗಿನ ಎಡಬಲ ಸರಿಸಮ ಇಲ್ಲ. ಇಂಥ ಹಡಗಿನ ಮಾದರಿ ಕಟ್ಟುವವರು ಎಡಬಲವನ್ನು ಸಮಮಾಡಿ ಚೆಂದಗಾಣಿಸಿದರೆ ಬಡಗಿಗಳ ಕಥೆಯನ್ನೇ ಅಳಿಸಿದಂತೆ.

ನಮ್ಮ ಕರಾವಳಿಯ ಕಡೆ ತಿರುಗೋಣ.

ಮುಂಬಯಿಯ ವಾಡಿಯಾ ಮನೆತನದ ಹಡಗುಗಳ ವಿಷಯ ನೀವು ಕೇಳಿರುತ್ತೀರಿ. ಸೂರತ್ತಿನಿಂದ 1736ರಲ್ಲಿ ಬಂದ ಲವ್‌ಜಿ ನಸರ್ವಾನ್‌ಜಿಯಿಂದ ಆರಂಭವಾದ ಪಾರ್ಸಿ ಬಡಗಿಗಳ ವಂಶ ಅದು. ಅಲ್ಲಿ ಜಮ್‌ಶೆಡ್‌ಜಿ ಬೊಮಾನ್‌ಜಿ ಕಟ್ಟಿ 1817ರ ಅಕ್ಟೋಬರ್ 12ರಂದು ನೀರಿಗಿಳಿಸಿದ ಟ್ರಿಂಕೊಮಲಿ ಎಂಬ ಹಡಗು ಇಂದಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ನೀರಿನ ಮೇಲಿದೆ. ಮರ ನಮ್ಮ ಪಶ್ಚಿಮ ತೀರದ ತೇಗ. ಮಲಬಾರ್, ಕೆನರಾ ಕಾಡುಗಳಿಂದ ಮುಂಬಯಿಯ ಹಡಗುಕಟ್ಟೆಗೆ ತೇಗ ಹೋದ ಕಾಲ ಅದು. ಆ ಹಡಗಿನ ಮಾದರಿ ಕಟ್ಟುವವರಿಗೆ ದಾರಿ ಸುಲಭ. ಲಂಡನ್ನಿನಿಂದ ಬಂದ ನಕ್ಷೆಯ ಮೇಲೆ ಕಟ್ಟಿದ ಹಡಗಾದ್ದರಿಂದ ಆ ವರ್ಗದ ಹಡಗುಗಳ ನಕ್ಷೆಗಳು ಉಳಿದಿವೆ, ಹಡಗೂ ಉಳಿದಿದೆ.

ನಕ್ಷೆಯೇ ಇಲ್ಲದೆ ಕಟ್ಟಿದ ಹಡಗುಗಳ ಗತಿಯೇನು? ನಮ್ಮವು ಬಹುಪಾಲು ಅಂಥವೇ.

ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ 14ನೇ ಶತಮಾನದಲ್ಲಿ ಹೊನ್ನಾವರದಲ್ಲಿ ತಂಗಿದ್ದವನು. ತೆಂಗಿನ ನಾರಿನ ಹುರಿಯಿಂದ ಹಲಗೆಗಳನ್ನು ಹೊಲಿದು ಹಡಗು ಕಟ್ಟುವುದನ್ನು ಅವನು ಬರೆದಿದ್ದಾನೆ. ಕಬ್ಬಿಣದ ಮೊಳೆಯ ಹಡಗು ಬಂಡೆಗೆ ಬಡಿದರೆ ಒಡೆಯುತ್ತದೆ, ಹೊಲಿದದ್ದು ಬಾಗಿಕೊಂಡು ಉಳಿಯುತ್ತದೆ ಎಂಬ ಕಾರಣವನ್ನೂ ಕೊಟ್ಟಿದ್ದಾನೆ. ಹೊನ್ನಾವರದ ಸುಲ್ತಾನ ಗೋವೆಯ ಮೇಲೆ ದಂಡೆತ್ತಿ ಹೋದಾಗ ಜೊತೆಗಿದ್ದ ಅವನು ಇನ್ನೊಂದು ಸಂಗತಿ ಹೇಳುತ್ತಾನೆ. ಆ ಹಡಗುಗಳಲ್ಲಿ ಎರಡಕ್ಕೆ ಹಿಂಬದಿ ತೆರೆದಿತ್ತು, ಒಳಗೆ ಕುದುರೆಗಳಿದ್ದವು, ಸವಾರ ಹಡಗಿನೊಳಗೇ ಕುದುರೆ ಏರಿ ಕವಚ ತೊಟ್ಟು ಹೊರಗೆ ಬರುವಂತೆ ಕಟ್ಟಿದ್ದರು. ಓದುವಾಗ ರೋಮಾಂಚನವಾಗುತ್ತದೆ. ಅದರ ಮಾದರಿ ಕಟ್ಟಲು ಕೂತರೆ? ಹಿಂಬದಿ ತೆರೆದರೆ ಚುಕ್ಕಾಣಿ ಎಲ್ಲಿ ನಿಲ್ಲುತ್ತದೆ? ಬಾಗಿಲಿನ ಅಂಚಿನಲ್ಲಿ ನೀರು ಜಿನುಗದಂತೆ ಏನು ತುಂಬುತ್ತಿದ್ದರು? ಕುದುರೆಯ ಭಾರಕ್ಕೆ ಒಳನೆಲ ಎಷ್ಟು ಎತ್ತರದಲ್ಲಿರಬೇಕು? ಒಂದು ವಾಕ್ಯದ ವರ್ಣನೆಯಿಂದ ಇಷ್ಟು ಪ್ರಶ್ನೆಗಳು ಎದ್ದುಬರುವುದು ಕೈಯಲ್ಲಿ ಮರದ ತುಂಡು ಹಿಡಿದಾಗ ಮಾತ್ರ.

ಇಂಥ ಪ್ರಶ್ನೆಗಳನ್ನು ಇಡೀ ಗಾತ್ರದಲ್ಲೇ ಎದುರಿಸಿದ ಪ್ರಯತ್ನವೊಂದು ಇತ್ತೀಚೆಗೆ ನಡೆಯಿತು. ಅಜಂತಾದ ಗುಹೆಯೊಂದರಲ್ಲಿ 5ನೇ ಶತಮಾನದ ಹಡಗಿನ ಚಿತ್ರವಿದೆ. ಕೇಂದ್ರದ ಸಂಸ್ಕೃತಿ ಸಚಿವಾಲಯ, ನೌಕಾಪಡೆ ಮತ್ತು ಗೋವೆಯ ಹೋಡಿ ಇನ್ನೊವೇಷನ್ಸ್ ಸೇರಿ ಆ ಚಿತ್ರದ ಆಧಾರದ ಮೇಲೆ ಹೊಲಿದ ಹಡಗೊಂದನ್ನು ಕಟ್ಟಿದವು. ಕೇರಳದ ಹಿರಿಯ ಬಡಗಿ ಬಾಬು ಶಂಕರನ್ ಅವರ ನೇತೃತ್ವದಲ್ಲಿ ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು, ಸಂದಿಗೆ ನಾರು ತುಂಬಿ, ಮರದ ಅಂಟು ಬಳಿದರು. 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ಅದು ನೌಕಾಪಡೆಗೆ ಸೇರಿತು, ಹೆಸರು ಕೌಂಡಿನ್ಯ. ಹಾಯಿಯ ಮೇಲೆ ಕದಂಬರ ಗಂಡಭೇರುಂಡ. ಅದೇ ವರ್ಷದ ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟು 2026ರ ಜನವರಿ 14ರಂದು ಮಸ್ಕತ್ ಮುಟ್ಟಿತು.

ಆ ಕೆಲಸದ ಶುರುವಿನಲ್ಲಿ ಅವರ ಕೈಯಲ್ಲಿದ್ದದ್ದು ಗೋಡೆಯ ಮೇಲಿನ ಚಪ್ಪಟೆ ಚಿತ್ರ. ಅದರಲ್ಲಿ ಹಡಗಿನ ಒಂದು ಮಗ್ಗುಲು ಕಾಣುತ್ತದೆ. ಅಗಲ ಎಷ್ಟು, ನೀರಿನ ಕೆಳಗಿನ ಹೊಟ್ಟೆ ಹೇಗೆ, ಹಲಗೆ ಎಷ್ಟು ದಪ್ಪ ಎಂಬುದು ಕಾಣುವುದಿಲ್ಲ. ಹೊಸ ಹಡಗುಗಳಿಗೆ ಬಳಸುವ ಲೆಕ್ಕಗಳು ಹೊಲಿದ ಒಡಲಿಗೂ ಚೌಕ ಹಾಯಿಗೂ ಹಿಂಬದಿಯ ಚುಕ್ಕಾಣಿ ಹುಟ್ಟುಗಳಿಗೂ ನೇರವಾಗಿ ಹೊಂದವು. ಆದ್ದರಿಂದ ಮದ್ರಾಸಿನ ಐಐಟಿಯ ಸಾಗರ ಎಂಜಿನಿಯರಿಂಗ್ ವಿಭಾಗದಲ್ಲಿ ಮಾದರಿ ಪರೀಕ್ಷೆ ನಡೆಸಿದರು. ಅಜಂತಾದ ಕಲಾವಿದ ಬಿಡಿಸಿದ ಹಡಗು ಕಡಲಿಗೆ ಇಳಿದದ್ದು ಮಾದರಿಯ ದಾರಿಯಿಂದ.

ನಾನು ಮುಖ್ಯವಾಗಿ ಹೇಳಬೇಕೆಂದು ಬಂದ ಮಾತು ಇಲ್ಲಿದೆ. ಅಂಗಡಿಯಲ್ಲಿ ಸಿಗುವ ಹಡಗಿನ ಕಿಟ್ ತೆರೆಯಿರಿ. ಉದ್ದದ ಅಡಿಮರ, ಅದಕ್ಕೆ ಸಿಕ್ಕಿಸುವ ಅಡ್ಡ ಪಕ್ಕೆಗಳು, ಮೇಲೆ ಬಾಗಿಸಿ ಅಂಟಿಸಲು ಹಲಗೆ ಪಟ್ಟಿಗಳು. ಪಕ್ಕೆ ಮೊದಲು, ಹಲಗೆ ಆಮೇಲೆ. ವಿಕ್ಟರಿಗೆ, ಟ್ರಿಂಕೊಮಲಿಗೆ ಇದು ಸರಿ. ಹೊಲಿದ ಹಡಗಿನಲ್ಲಿ ಕ್ರಮವೇ ಬೇರೆ. ಅಡಿಮರದ ಅಂಚಿಗೆ ಮೊದಲ ಹಲಗೆ, ಅದಕ್ಕೆ ಎರಡನೆಯದು, ಹೀಗೆ ಹೊಲಿಯುತ್ತ ಒಡಲು ಮೇಲೇರುತ್ತದೆ. ಆಕಾರ ಬಂದ ಮೇಲೆ ಅದಕ್ಕೆ ಒಪ್ಪುವಂತೆ ಕೆತ್ತಿದ ಪಕ್ಕೆಮರ ಒಳಗಿನಿಂದ ಸೇರುತ್ತದೆ. ಮೊದಲ ಕ್ರಮದಲ್ಲಿ ಹಡಗಿನ ಆಕಾರವನ್ನು ನಿರ್ಧರಿಸುವುದು ಪಕ್ಕೆ, ಅಂದರೆ ನಕ್ಷೆ. ಎರಡನೆಯದರಲ್ಲಿ ನಿರ್ಧರಿಸುವುದು ಹಲಗೆಯ ಅಂಚು, ಅಂದರೆ ಬಡಗಿಯ ಕಣ್ಣು. ಡಚ್ಚರು ಕೂಡ ತಳದ ಹಲಗೆಗಳನ್ನು ಮೊದಲು ಜೋಡಿಸಿ, ತಾತ್ಕಾಲಿಕ ಪಟ್ಟಿಗಳಿಂದ ಹಿಡಿದಿಟ್ಟು, ನಂತರ ಪಕ್ಕೆ ಕೂಡಿಸುತ್ತಿದ್ದರು. ಹಾಗಾಗಿ ಇದನ್ನು ಹಿಂದುಳಿದ ಪದ್ಧತಿ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ.

ನಮ್ಮ ಹಳೆಯ ಹಡಗಿನ ಮಾದರಿಯನ್ನು ಕಿಟ್ಟಿನ ಕ್ರಮದಲ್ಲಿ ಕಟ್ಟಿ, ಹಲಗೆಗಳ ಮೇಲೆ ದಾರ ಅಂಟಿಸಿ ‘ಹೊಲಿಗೆ’ ತೋರಿಸಿದರೆ ಗಾಜಿನ ಪೆಟ್ಟಿಗೆಯಲ್ಲಿ ಚೆನ್ನಾಗಿಯೇ ಕಾಣುತ್ತದೆ. ಆದರೆ ಕಟ್ಟಿದವರಿಗೆ ಏನೂ ತಿಳಿದಿರುವುದಿಲ್ಲ. ನಿಜವಾಗಿ ಹೊಲಿಯುತ್ತ ಹೋದವರಿಗೆ ಮೊದಲ ನಾಲ್ಕು ಹಲಗೆಯೊಳಗೇ ಪಾಠ ಶುರುವಾಗುತ್ತದೆ. ತೂತು ಅಂಚಿಗೆ ಹತ್ತಿರವಾದರೆ ಮರ ಸೀಳುತ್ತದೆ, ದೂರವಾದರೆ ಹೊಲಿಗೆ ಬಿಗಿಯುವುದಿಲ್ಲ. ಒಂದು ಮಗ್ಗುಲನ್ನು ಬಿಗಿದು ಇನ್ನೊಂದನ್ನು ನಾಳೆಗೆ ಬಿಟ್ಟರೆ ಒಡಲು ತಿರುಚಿಕೊಳ್ಳುತ್ತದೆ. ಇಬ್ಬರು ಬೇಕು, ಒಬ್ಬರು ಒಳಗೆ, ಒಬ್ಬರು ಹೊರಗೆ. ಬಡಗಿಗಳ ಜೊತೆ ಹೊಲಿಯುವವರ ಪ್ರತ್ಯೇಕ ಗುಂಪು ಯಾಕಿತ್ತು ಎಂಬುದು ಆಗ ಅರ್ಥವಾಗುತ್ತದೆ. ಸಾಹಸಯಾತ್ರಿ ಟಿಮ್ ಸೆವೆರಿನ್ 1980ರಲ್ಲಿ ಒಮಾನಿನಲ್ಲಿ ಸೊಹಾರ್ ಎಂಬ ಹೊಲಿದ ಹಡಗು ಕಟ್ಟಿಸಿ ಚೀನಕ್ಕೆ ಹೋದಾಗ ಮರ ನಮ್ಮ ಪಶ್ಚಿಮ ತೀರದ ಹೆಬ್ಬಲಸು, ಹೊಲಿಯಲು ಬಂದವರು ಲಕ್ಷದ್ವೀಪದ ಅಗತ್ತಿಯವರು. ಮಾದರಿ ತೋರಿಸಬೇಕಾದದ್ದು ಆಕಾರವನ್ನು ಮಾತ್ರವಲ್ಲ, ಕೆಲಸದ ಸರದಿಯನ್ನೂ.

ನಮ್ಮ ಕಡಲಿನ ದೋಣಿಗಳನ್ನು ಮೊದಲು ಸರಿಯಾಗಿ ಅಳೆದವರಲ್ಲಿ ಒಬ್ಬ ಫ್ರೆಂಚ್ ನೌಕಾಧಿಕಾರಿ ಇದ್ದಾನೆ. ಫ್ರಾನ್ಸ್ವಾ ಎಡ್ಮಾಂ ಪಾರಿ ಅವನ ಹೆಸರು. ಪ್ರಪಂಚ ಸುತ್ತುವ ಹಡಗುಗಳಲ್ಲಿ ಬಂದು, ಬಂದರು ಬಂದರಿನಲ್ಲೂ ಇಳಿದು, ಅಲ್ಲಿನ ದೋಣಿಗಳನ್ನು ಅಳೆದು ನಕ್ಷೆ ಬರೆದ. 1840ರ ದಶಕದ ಆರಂಭದಲ್ಲಿ ಅವು ದೊಡ್ಡ ಗ್ರಂಥವಾಗಿ ಬಂದವು. ನಮ್ಮ ಪಶ್ಚಿಮ ತೀರದ ಪತ್ತೆಮಾರಿಯೂ ಅದರಲ್ಲಿದೆ. 1871ರಲ್ಲಿ ಪ್ಯಾರಿಸ್ಸಿನ ಲೂವ್ರ್‌ನಲ್ಲಿದ್ದ ನೌಕಾ ಸಂಗ್ರಹಾಲಯದ ಹೊಣೆ ವಹಿಸಿಕೊಂಡು ತನ್ನ ನಕ್ಷೆಗಳಿಂದಲೇ ಮಾದರಿಗಳನ್ನು ಮಾಡಿಸಿದ. ರಾಜರ ಹಡಗುಗಳ ಜೊತೆಗೆ ಮೀನುಗಾರನ ದೋಣಿಗೂ ಅದೇ ಅಳತೆ, ಅದೇ ಶ್ರದ್ಧೆ ಸಲ್ಲಬೇ­ಕೆಂದು ನಡೆದುಕೊಂಡ ಮನುಷ್ಯ. ಅವನನ್ನು ಈ ವೇದಿಕೆಯಿಂದ ನೆನೆಯುವುದು ನನ್ನ ಪಾಲಿಗೆ ಋಣ ತೀರಿಸುವ ಕೆಲಸ.

ಪತ್ತೆಮಾರಿಯ ಮೂತಿ ಉದ್ದಕ್ಕೆ ಚಾಚಿ, ಕೂವೆಮರ ಮುಂದಕ್ಕೆ ಬಾಗಿರುತ್ತದೆ. ಓರೆಯಾಗಿ ಏರಿಸಿದ ಉದ್ದನೆಯ ಅಡ್ಡಮರದಿಂದ ತ್ರಿಕೋನಕ್ಕೆ ಹತ್ತಿರದ ಹಾಯಿ ಇಳಿಬೀಳುತ್ತದೆ. ಗಾಳಿ ಮಗ್ಗುಲು ಬದಲಿಸಿದಾಗ ಆ ಅಡ್ಡಮರವನ್ನು ಕೂವೆಮರದ ಮುಂದಿನಿಂದ ಸುತ್ತಿಸಿ ಆಚೆ ಬದಿಗೆ ತರಬೇಕು, ಸಾಕಷ್ಟು ಕೈಗಳು ಬೇಕಾದ ಕೆಲಸ. ಮಾರಾಟದ ಮಾದರಿಗಳಲ್ಲಿ ಹಾಯಿ ಗಾಳಿಯ ತಪ್ಪು ಮಗ್ಗುಲಿನಲ್ಲಿ ಕೂತಿರುವುದು, ಹಗ್ಗ ಅಡ್ಡಮರವನ್ನು ತಿರುಗದಂತೆ ಕಟ್ಟಿಹಾಕಿರುವುದು ಕಾಣುತ್ತದೆ. ಆ ಹಡಗು ಒಮ್ಮೆ ತಿರುಗಿದರೆ ಮತ್ತೆ ಸಾಗದು.

ಹಾಯಿಯ ಕಾಲ ಮುಗಿದು ಯಂತ್ರ ಬಂತು, ಮರ ಹೋಗಿ ಫೈಬರ್ ಬಂತು. ಇದರ ಬಗ್ಗೆ ನನಗೆ ದೂರಿಲ್ಲ. ಮೀನುಗಾರನ ಬೆನ್ನಿಗೆ ಅದರಿಂದ ಎಷ್ಟು ಆರಾಮವಾಯಿತೆಂದು ಕರಾವಳಿಯಲ್ಲಿ ಬೆಳೆದ ಎಲ್ಲರಿಗೂ ಗೊತ್ತು. ಆದರೆ ಮರದ ದೋಣಿಯ ಬಡಗಿಗಳು ಇನ್ನೂ ನಮ್ಮ ನಡುವೆ ಇದ್ದಾರೆ, ಹಿರಿಯರಾಗಿದ್ದಾರೆ. ಕೇರಳದ ಬೇಪೂರಿನಲ್ಲಿ ಉರು ಎಂಬ ಮರದ ಹಡಗು ಕಟ್ಟುವ ಮೇಸ್ತ್ರಿಗಳಂತೆ ಇವರ ನಕ್ಷೆಯೂ ತಲೆಯಲ್ಲೇ ಇದೆ. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಹೊರುವ ಮಂಜಿ, ಅಳಿವೆಗಳಲ್ಲಿ ಉಳಿದ ಮಚ್ವೆ, ಒಂದೇ ಮರದಲ್ಲಿ ಕೊರೆದ ಪಾತಿ, ಇವುಗಳನ್ನು ಅಳೆಯಲು ನಮಗೆ ಇನ್ನೊಬ್ಬ ಪಾರಿ ಬರಬೇಕಾಗಿಲ್ಲ.

ಈ ಸಭೆಯಲ್ಲಿ ಕರಾವಳಿಯ ಕಾಲೇಜುಗಳ ಹುಡುಗ ಹುಡುಗಿಯರು ಕೂತಿದ್ದೀರಿ. ನಿಮಗೆ ಕೆಲಸದ ಕ್ರಮವನ್ನೇ ಹೇಳಿ ಮುಗಿಸುತ್ತೇನೆ. ಮಳೆಗಾಲದಲ್ಲಿ ದಡಕ್ಕೆ ಎಳೆದಿಟ್ಟ ದೋಣಿಯನ್ನು ಆರಿಸಿ, ಒಡೆಯರನ್ನು ಕೇಳಿ. ಇಬ್ಬರು ಹೋಗಿ. ಒಂದು ಟೇಪು, ಎರಡು ತೂಕದ ಗುಂಡು, ಉದ್ದ ದಾರ, ನೀರಿನ ಮಟ್ಟಗೋಲು, ಚೌಕುಳಿ ಹಾಳೆ ಸಾಕು. ಮೂತಿಯಿಂದ ಹಿಂಬದಿಯವರೆಗೆ ದಾರವನ್ನು ಮಟ್ಟವಾಗಿ ಬಿಗಿಯಿರಿ. ಅದರ ಮೇಲೆ ಸಮದೂರದಲ್ಲಿ ಗುರುತು ಹಾಕಿ, ಪ್ರತಿ ಗುರುತಿನಲ್ಲೂ ತೂಕದ ಗುಂಡು ಇಳಿಬಿಟ್ಟು, ಆ ದಾರದಿಂದ ಹಲಗೆಯ ಮೈ ಎಷ್ಟು ದೂರ ಎಂದು ಮೇಲಿನಿಂದ ಕೆಳಗಿನವರೆಗೆ ಅಳೆಯಿರಿ. ಆ ಅಂಕೆಗಳನ್ನು ಹಾಳೆಯ ಮೇಲೆ ಸೇರಿಸಿದರೆ ಒಡಲಿನ ಬಾಗು ತಾನಾಗಿ ಮೂಡುತ್ತದೆ. ಎಡಬಲ ಎರಡನ್ನೂ ಅಳೆಯಿರಿ, ಸಮ ಇರುತ್ತದೆಂದು ನಂಬಬೇಡಿ. ಹಲಗೆಯ ಅಂಚುಗಳು ಎಲ್ಲಿ ಕೂಡುತ್ತವೆ, ಯಾವ ಹಲಗೆ ನಡುವೆಯೇ ಮುಗಿಯುತ್ತದೆ ಎಂದು ಚಿತ್ರ ಬರೆಯಿರಿ. ಆಮೇಲೆ ಬಡಗಿಯನ್ನು ಕರೆದು ಕೂರಿಸಿ, ಯಾವುದು ಮೊದಲು, ಯಾವುದು ಆಮೇಲೆ ಎಂದು ಒಂದೊಂದೇ ತುಂಡಿನ ಸರದಿಯನ್ನು ಕೇಳಿ, ತುಂಡಿನ ಮೇಲೆ ಸೀಮೆಸುಣ್ಣದಲ್ಲಿ ಅಂಕೆ ಹಾಕಿ, ಫೋಟೊ ತೆಗೆಯಿರಿ. ಪ್ರತಿ ತುಂಡಿಗೂ ಅವರು ಹೇಳುವ ಹೆಸರನ್ನು ಅವರ ದನಿಯಲ್ಲೇ ರೆಕಾರ್ಡು ಮಾಡಿ, ಕೊಂಕಣಿಯಿರಲಿ, ತುಳುವಿರಲಿ, ಬ್ಯಾರಿಯಿರಲಿ, ಕನ್ನಡವಿರಲಿ. ಅವರು ಕೋಲು, ಗೇಣುಗಳಲ್ಲಿ ಅಳತೆ ಹೇಳಿದರೆ ಹಾಗೆಯೇ ಬರೆದುಕೊಂಡು, ಅವರ ಕೋಲನ್ನೇ ಟೇಪಿನಿಂದ ಅಳೆದು ಅದರ ಉದ್ದವನ್ನು ಪಕ್ಕದಲ್ಲಿ ದಾಖಲಿಸಿ. ಮಾದರಿಗೆ 1:20 ಅಳತೆ ಹಿಡಿಯಿರಿ, ಹತ್ತು ಮೀಟರಿನ ದೋಣಿ ಮೇಜಿನ ಮೇಲೆ ಅರ್ಧ ಮೀಟರಿನಲ್ಲಿ ನಿಲ್ಲುತ್ತದೆ, ಹಲಗೆಯ ಒಂದೊಂದು ಕೂಡುವಿಕೆಯನ್ನೂ ತೋರಿಸಲು ಜಾಗ ಸಿಗುತ್ತದೆ.